ಕೇಳದ ವರ್ಷದ ಲೆಕ್ಕ

ರಾತ್ರಿ ಒಂಬತ್ತೂವರೆಗೆ ಫೋನು.
"ಲೆಕ್ಕದಮ್ಮ, ನಾಳೆ ಸದನದಾಗೆ ಬೆಲ್ಲದ ಮ್ಯಾಲೆ ಮಾತಾಡ್ಬೇಕು ಕಣವ್ವ.
ಒಂದು ಲೋಡಿಗೆ ಏನೇನು ಕೀಳ್ತಾರೆ, ಬರೆದು ಕಳ್ಸು."
ಬಿಳಿಗೌಡರ ದನಿ. ಹಿಂದೆ ತಟ್ಟೆ ತೊಳೆಯುವ ಸದ್ದು.

ಬರೆದೆ, ಹಳೆಯ ಬಿಲ್ಲಿನ ಬೆನ್ನ ಮೇಲೆ:
ಕುರಿಕಟ್ಟು, ನೂರು ಮೂಟೆ.
ಗೇಟಿಗಿಷ್ಟು, ತೂಕಕ್ಕಿಷ್ಟು, ಸೆಸ್ಸಿಷ್ಟು,
ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರೆ ಅದರ ಮೇಲಿಷ್ಟು.
ಅದೇ ಬೆಲ್ಲ ಬಿಚ್ಚಿ ಗೋಣಿಗೆ ಸುರಿದರೆ
ಆ ಕಡೆಯದು ಮಾಫಿ,
ಬೆಲ್ಲಕ್ಕೊಂದು ಹೆಸರಿಟ್ಟದ್ದೇ ತಪ್ಪೆಂಬಂತೆ.
ಒಟ್ಟು ಹಾಕಿ, ಕೆಳಗೆರಡು ಗೆರೆ ಎಳೆದು
ಫೋಟೋ ತೆಗೆದು ಕಳಿಸಿದೆ.

ಮಂಡ್ಯದ ಮಾರ್ಕೆಟ್ ಯಾರ್ಡಿನಲ್ಲಿ ಮರುದಿನ
ಹರಾಜು ಅರ್ಧಕ್ಕೆ ನಿಂತಿತು.
ಬಕೆಟ್ ಬೆಲ್ಲದ ಗುಡ್ಡೆಗೆ ಒರಗಿಸಿಟ್ಟ ಫೋನಿನ ಸುತ್ತ
ನಂಜಪ್ಪ ಶೆಟ್ಟರು, ತೂಕದ ಚೆಲುವಯ್ಯ,
ಟೀ ತಂದು ಕೊಡುವುದು ಮರೆತ ಇಮ್ತಿಯಾಜ್,
ಬೆನ್ನ ಮೇಲಿನ ಮೂಟೆ ಇಳಿಸದೆ ಹಮಾಲಿ ಕಾಳ.

ಗೌಡರು ಎದ್ದರು. ಕೈಚೀಲದಿಂದ ಒಂದು ಅಚ್ಚು ತೆಗೆದು
ಮೇಜಿನ ಮೇಲಿಟ್ಟರು.
"ಮಾನ್ಯ ಸಭಾಧ್ಯಕ್ಷರೆ, ಆಲೆಮನೆಯವನು ಇದನ್ನು ಕಾಯಿಸಿದ್ದು ಒಂದೇ ಸಲ.
ಆಮೇಲೆ ನಾಲ್ಕು ಸಲ ಕಾಯಿಸಿದ್ದು ಈ ಸರ್ಕಾರ!"
ಯಾರ್ಡಿಗೆ ಯಾರ್ಡೇ ಚಪ್ಪಾಳೆ.
ಕಾಳನೂ ಒಂದು ಕೈ ಬಿಡಿಸಿಕೊಂಡು ತೊಡೆ ತಟ್ಟಿದ.
ನನ್ನ ಅಂಕಿಗಳು ಅವರ ಬಾಯಿಂದ ಒಂದೊಂದೇ ಇಳಿದವು.
ಏಳನ್ನು ನಾನು ಒಂದರ ಹಾಗೆ ಬರೆಯುತ್ತೇನೆ,
ಅವರೂ ಒಂದೆಂದೇ ಓದಿದರು.
ಆರು ರೂಪಾಯಿ ಸರ್ಕಾರಕ್ಕೆ ಉಳಿಯಿತು.

ಮಂತ್ರಿಗಳು ಕನ್ನಡಕ ಒರೆಸಿ ನಿಧಾನಕ್ಕೆ ಎದ್ದರು.
"ಸಿಹಿ ತಂದದ್ದಕ್ಕೆ ಸಂತೋಷ.
ಈ ಸೆಸ್ಸು ಏರಿಸಿದ ವರ್ಷ ಮಾನ್ಯ ಸದಸ್ಯರು
ಇದೇ ಬೆಂಚಿನಲ್ಲಿ ಕೂತಿದ್ದರು.
ಅವರು ಮೇಜು ಕುಟ್ಟಿದ್ದು ನನಗಿನ್ನೂ ಕೇಳಿಸುತ್ತದೆ.
ಆಗ ವಿರೋಧಿಸಿ ಕೂಗಿದವನು ನಾನು.
ಕೂಗಿ ಗಂಟಲು ಕಟ್ಟಿತ್ತು."

ಸದನ ನಕ್ಕಿತು. ಗೌಡರು ಬೆಲ್ಲ ನೋಡಿದರು.
ತಕ್ಕಡಿಯ ಮುಳ್ಳು ನಿಲ್ಲುವ ತನಕ
ಕೊಳ್ಳುವವನೂ ಮಾರುವವನೂ ಬಾಯಿ ಬಿಡದ ಒಂದು ಹೊತ್ತಿರುತ್ತದಲ್ಲ,
ಅಷ್ಟು ಹೊತ್ತು.
ಅಷ್ಟರಲ್ಲಿ ಸಿಗ್ನಲ್ ಹೋಯಿತು.
"ಮೇಲೆ ಐವತ್ತು" ಅಂದರು ಶೆಟ್ಟರು.
ಕಾಳ ಮೂಟೆ ಇಳಿಸಿದ.

ರಾತ್ರಿ ಮತ್ತೆ ಒಂಬತ್ತೂವರೆ.
"ನಿಂಗೆ ಗೊತ್ತಿತ್ತಾ?"
"ಗೊತ್ತಿತ್ತು ಅಣ್ಣ."
"ಯೋಳ್ಬಾರ್ದಿತ್ತಾ?"
"ನೀವು ಕೇಳಿದ್ದು ಈ ವರ್ಷದ್ದು.
ಆ ವರ್ಷದ ಪುಸ್ತಕ ಅಟ್ಟದ ಮೇಲದೆ."

ಹೇಳಬಹುದಿತ್ತು.
ಆದರೆ ಆ ವರ್ಷವೂ ಅಂಕಿ ಕೊಟ್ಟವಳು ನಾನೇ.
ಸೆಸ್ಸು ಏರಿದರೆ ಯಾರ್ಡಿಗೆ ಕಾಂಕ್ರೀಟು,
ನಮಗೆ, ಹೆಂಗಸರಿಗೆ, ಒಂದು ಶೌಚಾಲಯ
ಎಂದು ಇದೇ ಕೈಯಲ್ಲಿ ಕೂಡಿಸಿ ಕೊಟ್ಟಿದ್ದೆ.
ಕಾಂಕ್ರೀಟು ಅರ್ಧ ಬಂತು.
ಶೌಚಾಲಯ ಪೂರ್ತಿ ಬಂತು, ಬೀಗದ ಸಮೇತ.

ಶನಿವಾರ ಬಂದರು. ಕಾರು ಗೇಟಿನಾಚೆ ಬಿಟ್ಟು, ಒಬ್ಬರೇ.
ಬೈಗುಳವೋ ಭಾಷಣವೋ ಎಂದು ಕಾದೆ,
ಎರಡೂ ಬರಲಿಲ್ಲ.
ಸ್ಟೂಲು ತೋರಿಸಿದೆ. ಪಂಚೆ ಎತ್ತಿ ಕಟ್ಟಿ ಹತ್ತಿದರು.
ಧೂಳಿಗೆ ಮೂರು ಸಲ ಸೀನಿದರು.
ಕೆಳಗಿಳಿದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು
ಆ ತಿಂಗಳು ಹುಡುಕಿದರು.

ಅಲ್ಲೇ ಎರಡು ಹಾಳೆ ಅಂಟಿಕೊಂಡಿದ್ದವು,
ಯಾವ ಕಾಲದ್ದೋ ಬೆಲ್ಲದ ಕೈ.
ಉಗುರು ತೂರಿಸಿ, ಹರಿಯದ ಹಾಗೆ,
ಬಿಡಿಸುತ್ತ ಕೂತರು ಎಪ್ಪತ್ತರ ಹತ್ತಿರದ ಆ ಮನುಷ್ಯ.

ನಾನು ಸಹಾಯಕ್ಕೆ ಹೋಗಲಿಲ್ಲ.
ಚೆಲುವಯ್ಯ ಹೊರಗಿಂದ ತೂಕ ಕೂಗುತ್ತಿದ್ದ,
ಬರೆದುಕೊಳ್ಳುತ್ತಿದ್ದೆ.