ಗೇರುಬೀಜದ ಕರೆ

ಬಂದದ್ದು ಒಳ್ಳೆಯದಾಯ್ತು ರೆನಿಟಾ, ಕೂತುಕೋ.
ಆ ಸ್ಟೂಲಲ್ಲ, ಅದಕ್ಕೆ ಬೀಜದೆಣ್ಣೆ ಮೆತ್ತಿದೆ,
ನಿನ್ನ ಬಿಳಿ ಚೂಡಿದಾರಕ್ಕೆ ಹತ್ತಿದರೆ
ಏಳು ಕೆರೆಯ ನೀರಿಗೂ ಹೋಗದು.

ಸಿಸ್ಟರುಗಳ ಕ್ಯಾಂಪಿನಲ್ಲಿ ಬರೆದ ಪುಸ್ತಕ ತಂದಿದ್ದೀ.
'ದೈವಕರೆಯನ್ನು ಗುರುತಿಸುವುದು ಹೇಗೆ?'
ದುಂಡಗಿನ ಅಕ್ಷರ, ಕೆಳಗೊಂದು ಗೀಟು,
ಗೀಟಿನ ಕೆಳಗೆ ಏನೂ ಇಲ್ಲ.
ನನ್ನನ್ನೇ ಕೇಳು ಎಂದು ನಿನಗೆ ಯಾರು ಹೇಳಿದರು?
ಪಾಂಬೂರಿನಲ್ಲಿ ನನ್ನ ಹೆಸರು ಎಮಿಲ್ಡಾ ಅಲ್ಲ,
ಕಾನ್ವೆಂಟಿನಿಂದ ವಾಪಸು ಬಂದವಳು.
ಇಪ್ಪತ್ತಾರು ವರ್ಷವಾಯ್ತು,
ಇನ್ನೂ ಬರುತ್ತಲೇ ಇದ್ದೇನೆ, ಮನೆ ಮುಟ್ಟದವಳ ಹಾಗೆ.

ಹೋದದ್ದು ನಿಜ. ಜೆಪ್ಪುವಿನಲ್ಲಿ ಹದಿನಾಲ್ಕು ತಿಂಗಳು.
ಐದಕ್ಕೆ ಗಂಟೆ, ಸಾಲು ಮಂಚ,
ಅಲ್ಲಿ ನನಗೆ ಎಲ್ಲವೂ ಇಷ್ಟ, ಇಸ್ತ್ರಿಯ ವಾಸನೆ ಕೂಡ.
ಮೌನದ ಹೊತ್ತಿನಲ್ಲಿ ಮಾತ್ರ
ಕೇಳುತ್ತಿದ್ದುದು ಒಳಗಿನ ದನಿಯಲ್ಲ,
ಅಮ್ಮ ಹಟ್ಟಿಯಲ್ಲಿ ಹಾಲು ಕರೆಯುವ ಸದ್ದು,
ಖಾಲಿ ಚೆಂಬಿಗೆ ಮೊದಲ ಧಾರೆ ಬಿದ್ದಾಗಿನ ಆ ಟಣ್.
ಅದು ಶೋಧನೆ, ಪ್ರಾರ್ಥಿಸು ಎಂದರು.
ಪ್ರಾರ್ಥಿಸಿದೆ. ಸದ್ದು ಜೋರಾಯಿತು.
ಕೊನೆಗೆ ಮದರ್ ಬೆರ್ನಾಡಿನ್ ನನ್ನ ಟ್ರಂಕಿಗೆ ತಾವೇ ಬೀಗ ಹಾಕಿ
'ಕರೆ ಇಲ್ಲ ಅಂತಲ್ಲ ಮಗೂ, ಇಲ್ಲಿ ಇಲ್ಲ' ಎಂದರು.
ಬಸ್ಸಿನಲ್ಲಿ ಪಡುಬಿದ್ರಿಯವರೆಗೂ ಅತ್ತೆ.
ಆಮೇಲೆ ಹಸಿವಾಯ್ತು. ಅದನ್ನೂ ಬರೆದುಕೋ.

ನಮ್ಮ ಮನೆಮಾತಿನಲ್ಲಿ ಅದು ಆಪವ್ಣೆಂ. ಒಂದೇ ಅರ್ಥ,
ಆಚೀಚೆ ನೋಡದ ಮಾತು.
ಶಾಲೆಯ ಕನ್ನಡ ಹಾಗಲ್ಲ.
ಕೂಗಿದರೂ ಕರೆ, ಬಟ್ಟೆಗೆ ಹತ್ತಿದರೂ ಕರೆ,
ಹಾಲಿಗೂ ಅದೇ, ಸೀರೆಯ ಅಂಚಿಗೂ ಅದೇ.
ಮಾಸ್ತರು ಹೊಡೆದು ಬಾಯಿಪಾಠ ಮಾಡಿಸಿದ್ದರು,
ತಿಳಿದದ್ದು ಈ ಶೆಡ್ಡಿನಲ್ಲಿ.

ಮೊದಲ ದಿನ ಹಾಗೇ ಬೀಜ ಒಡೆಯಲು ಕೂತೆ,
ಮಧ್ಯಾಹ್ನಕ್ಕೆ ಬೆರಳ ಚರ್ಮ ಸುಲಿದಿತ್ತು.
ಅಪ್ಪಿ ಪೂಜಾರ್ತಿ, ಇಗರ್ಜಿಯ ಮೆಟ್ಟಿಲು ಹತ್ತದವಳು,
ನನ್ನೆರಡೂ ಅಂಗೈ ಎಳೆದು ಒಲೆಬೂದಿ ತಿಕ್ಕಿ
'ಇದಿಲ್ಲದೆ ಮುಟ್ಟಬಾರದು ಮಾರಾಯ್ತಿ' ಎಂದಳು.
ವಿಭೂತಿ ಬುಧವಾರವೇನಲ್ಲ ಅದು,
ಆಗಸ್ಟಿನ ಯಾವುದೋ ಶುಕ್ರವಾರ.
ಅಪ್ಪಿ ಹೋದ ಮೇಲೆ
ಹೊಸಬರ ಕೈಗೆ ತಿಕ್ಕುವವಳು ನಾನು.

ಇಷ್ಟೇ. ಇದಕ್ಕೆ ಆ ದೊಡ್ಡ ಹೆಸರು ಹೊಂದುತ್ತದೋ ಗೊತ್ತಿಲ್ಲ.
ಯಾರೂ ಹೆಸರು ಹಿಡಿದು ಕೂಗಿಲ್ಲ, ಕನಸು ಬಿದ್ದಿಲ್ಲ.
ತೂಕದಲ್ಲಿ ಮೋಸ ಮಾಡುವ ರೈಟರನ ಎದುರು
ಒಮ್ಮೆ ನಿಂತೆ. ಕಾಲು ನಡುಗುತ್ತಿತ್ತು, ನಿಂತೆ.
ಇನ್ನೊಮ್ಮೆ ನಿಲ್ಲಲಿಲ್ಲ.
ಸುಮತಿಯ ಮೂರು ದಿನದ ಕೂಲಿ ಹೋಯಿತು.
ಪಾದ್ರಿಗಳ ಹತ್ತಿರವೂ ಅದನ್ನು ಹೇಳಿಲ್ಲ,
ನಿನಗೆ ಹೇಳುತ್ತಿದ್ದೇನೆ.
ಸಂಜೆ ಜಪಸರ ಹಿಡಿದೇ ನಿದ್ದೆ ಹೋಗುತ್ತೇನೆ,
ನಾಲ್ಕನೆಯ ರಹಸ್ಯ ದಾಟುವುದಿಲ್ಲ,
ಮಣಿಗಳೆಲ್ಲ ಕಪ್ಪಾಗಿವೆ.

ನೀನು ಹೋಗು. ಹೋಗಬೇಡ ಎನ್ನಲು ನಾನು ಯಾರು?
ನಿನಗೆ ಅಲ್ಲಿ ಬೇರೇನೋ ಕೇಳಿಸೀತು.
ಕೇಳಿಸದಿದ್ದರೆ ಕಡೆಯ ಬಸ್ಸು ಏಳೂಕಾಲಕ್ಕೆ,
ಶಿರ್ವದಲ್ಲಿ ಇಳಿ, ನಾನು ಬರುತ್ತೇನೆ.

ಸೈರನ್ ಆಯ್ತು. ಆ ಪುಸ್ತಕ ಕೊಡು ಇಲ್ಲಿ, ನೋಡೋಣ.
ಅಯ್ಯೋ, ಬಿತ್ತಲ್ಲ, ಹೆಬ್ಬೆರಳಿನ ಗುರುತು,
ಸರಿಯಾಗಿ ಆ ಗೀಟಿನ ಕೆಳಗೆ.
ಉಜ್ಜಬೇಡ,
ಹರಡುತ್ತದೆ.