ಹೆಸರು ಗೊತ್ತಿದ್ದವನು

ಗೊತ್ತಿದ್ದದ್ದು ಪೂರಾ ಹೇಳಬೇಕು,
ಒಂದಕ್ಷರ ಮುಚ್ಚಿಟ್ಟರೂ ಮಾಫಿ ರದ್ದು
ಎಂದರು ಸರ್ಕಾರಿ ವಕೀಲರು.
ಉಡುಪಿ ಕೋರ್ಟಿನ ಆ ಕೋಣೆಯಲ್ಲಿ ಫ್ಯಾನಿಗೆ ಹಾರದ ಹಾಗೆ
ಫೈಲಿನ ಮೇಲೊಂದು ಉರುಟು ಕಲ್ಲು,
ಮಲ್ಪೆ ಕಡಲಿನದ್ದಿರಬೇಕು.

ಹೇಳಿದೆ.
ಹಂಪನಕಟ್ಟೆಯ ಯಾವ ಮಹಡಿಯಿಂದ ಮದ್ದು ಬಂತು,
ಬಿಲ್ಲಿನಲ್ಲಿ ಅದು ಹಸುವಿನ ಕ್ಯಾಲ್ಸಿಯಂ ಹೇಗಾಯಿತು,
ಪಣ ಕಟ್ಟಿದವರ ಫೋನ್ ನಂಬರು, ಧನಿಗಳ ಅಳಿಯನ ಕಾರು,
ಎಷ್ಟು ಎಮ್ಮೆಲ್, ಯಾವ ನರ, ಎಷ್ಟು ಗಂಟೆಗೆ.
ನಾನು ದನದಾಸ್ಪತ್ರೆಯ ಕಂಪೌಂಡರ್.
ಆ ಸೀಸನ್ನಿನ ಹದಿನಾಲ್ಕು ಸೂಜಿಯೂ ನನ್ನ ಕೈಯದ್ದೇ.
ಹೇಳುತ್ತಾ ಹೇಳುತ್ತಾ ಒಂಥರಾ ಹೆಮ್ಮೆ ಬಂತು ಮಾರಾಯ,
ಎಷ್ಟೊಂದು ನೆನಪುಂಟು ನನಗೆ ಅಂತ.

ದೂಮಣ್ಣನನ್ನೂ ಕೇಳಿದರು, ನಿನಗೇನು ಗೊತ್ತು?
ಕಾಟಿಗೆ ಹುರುಳಿ ಬೇಯಿಸಿದ್ದು ನಾನು ಸ್ವಾಮಿ,
ಎಣ್ಣೆ ತಿಕ್ಕಿದ್ದು ನಾನು.
ಆ ರಾತ್ರಿ ಮೂಗುದಾರ ಹಿಡಿ ಅಂದರು, ಹಿಡಿದೆ.
ಮತ್ತೆ?
ಮತ್ತೆ ಕೋಣ ನನ್ನ ಮುಖ ನೋಡಿತು.

ಅದನ್ನು ಬರೆದುಕೊಳ್ಳಲಿಲ್ಲ.
ಅದರಲ್ಲಿ ಯಾರ ಹೆಸರೂ ಇರಲಿಲ್ಲ.

ಕಾಟಿ ಗೆದ್ದಿತ್ತು, ಗೊತ್ತುಂಟಲ್ಲ.
ಕರೆಯ ಕೆಸರು ಸೀಳಿ ಮಂಜೊಟ್ಟಿ ಹತ್ತಿ
ಲೇಸರ್ ಗೆರೆ ದಾಟಿ ಹತ್ತು ಹೆಜ್ಜೆ,
ಆಮೇಲೆ ಮುಂಗಾಲು ಮಡಚಿ ಕೂತದ್ದು ಏಳಲಿಲ್ಲ.
ಜನ ಇನ್ನೂ ಸಿಳ್ಳೆ ಹಾಕುತ್ತಿದ್ದರು.

ತೀರ್ಪಿನ ದಿನ ಧನಿಗಳಿಗೆ ಮೂರು ವರ್ಷ,
ಸಂಜೆಯೊಳಗೆ ಮೇಲ್ಮನವಿ, ಜಾಮೀನು, ಎಳನೀರು.
ದೂಮಣ್ಣನಿಗೆ ಒಂದೇ ವರ್ಷ.
ಜಾಮೀನಿಗೆ ಪಹಣಿ ತರುವಂಥ ಜನ ಅವನ ಕಡೆ ಯಾರೂ ಇಲ್ಲ,
ಹಾಗಾಗಿ ಅದು ನಿಜವಾದ ಒಂದು ವರ್ಷ.
ನನಗೆ ಏನೂ ಇಲ್ಲ. ವಿಚಾರಣೆ ಮುಗಿಯುವ ತನಕ
ಹಿರಿಯಡ್ಕದಲ್ಲಿ ಕೂತ ಹನ್ನೊಂದು ತಿಂಗಳು, ಅಷ್ಟೇ.
ವಾಚು, ಬೆಲ್ಟು, ನಲವತ್ತು ರೂಪಾಯಿ ಎಣಿಸಿ ಕೊಟ್ಟರು.
ಸೂಜಿ ಹಿಡಿದವನ ಹತ್ತಿರ ಮಾರಲಿಕ್ಕೆ ಹೆಸರುಗಳುಂಟು,
ಹಗ್ಗ ಹಿಡಿದವನ ಹತ್ತಿರ
ಹಗ್ಗ.

ಒಂದು ಮಾತು ಮಾತ್ರ ಉಳಿದಿದೆ.
ಸೂಜಿ ಎತ್ತಿದಾಗ ದೂಮಣ್ಣ ನನ್ನ ಮಣಿಕಟ್ಟು ಹಿಡಿದು
ಬೊಡ್ಚಿ, ಅಂದಿದ್ದ. ಜ್ವರ ಉಂಟು ಅದಕ್ಕೆ, ಬೊಡ್ಚಿ.
ಆ ಕೈ ಬಿಡಿಸಿದ್ದು ನಾನು.
ವಕೀಲರು ಕೇಳಲಿಲ್ಲ. ನಾನು ಹೇಳಲಿಲ್ಲ.
ಅವನೂ ಹೇಳಲಿಲ್ಲ, ಯಾಕೋ.
ಈಗ ಹೇಳುವ ಅಂದರೆ ಮಾಫಿ ರದ್ದಾಗುತ್ತದೆ,
ಮತ್ತೆ, ನನ್ನ ಮಾತಿಗೆ ಸಾಕ್ಷಿ
ಕೋಣ ಒಂದೇ.