ಯಾವುದೇ ಪಾಲು

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಗೂ
ಸ್ಕೂಟರ್ ಮೆಕ್ಯಾನಿಕ್ಕಿಗೂ ನಡುವೆ, ನನ್ನದೊಂದು ಫ್ಲೆಕ್ಸ್ ಮಳಿಗೆ.
ಹಾಕಿ ಟೂರ್ನಿ, ಭಾವಪೂರ್ಣ ಶ್ರದ್ಧಾಂಜಲಿ,
ಕಾಣೆಯಾದ ನಾಯಿ, ಗೆದ್ದ ಪಂಚಾಯತಿ ಸದಸ್ಯ,
ಎಲ್ಲಕ್ಕೂ ಒಂದೇ ದರ, ಚದರಡಿಗೆ ಹದಿನಾಲ್ಕು ರೂಪಾಯಿ.
ನಿಜಕ್ಕಿಷ್ಟು ಸುಳ್ಳಿಗಿಷ್ಟು ಎಂದು ಬೋರ್ಡು ಹಾಕಿದವನಲ್ಲ.

ಮಂಗಳವಾರ ಮಡಿಕೇರಿಯಿಂದ ಡ್ರಗ್ ಇನ್ಸ್‌ಪೆಕ್ಟರ್ ಬಂದರು.
ಶಶಿರೇಖಾ ಮೇಡಂ. ಬಯಲುಸೀಮೆಯವರು, ಎರಡು ಸ್ವೆಟರ್.
ಬಗಲಲ್ಲಿದ್ದ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದರೆ
ಅಂಗಡಿ ಸಾಲದೆ ಅರ್ಧ ಹುಡುಗ ರಸ್ತೆಗೆ ಬಂದ:
ಎಡಕ್ಕೆ ಕುಳ್ಳ, ಬಲಕ್ಕೆ ಉದ್ದ, ಮುಖ ಒಂದೇ.
ಕಂಪ್ಯೂಟರಿನಲ್ಲಿ ಮೊಣಕಾಲ ಕೆಳಗೆ ಹಿಡಿದು
ನಾನೇ ಎಳೆದದ್ದು.
'ಮೇರುವರ್ಧಿನಿ ಚೂರ್ಣ. ತೊಂಬತ್ತು ದಿನದಲ್ಲಿ ಮೂರಿಂಚು.
ಸೇನೆಗೆ, ಪೊಲೀಸಿಗೆ ಸೇರುವವರಿಗೆ ವಿಶೇಷ ರಿಯಾಯಿತಿ.'
ಕೆಂಪು ಚಕ್ರದೊಳಗೆ 'ಗ್ಯಾರಂಟಿ'.
ಒತ್ತಕ್ಷರ ಸರಿಯಾಗಿ ಕೂರಲೆಂದು ನಾಲ್ಕು ಸಲ ತಿದ್ದಿದ್ದೆ.

"ಮಾಡಿಸಿದ್ದು ಯಾರು?"
"ಹುಣಸೂರಿನ ಏಜೆಂಟು. ಅರ್ಧ ದುಡ್ಡು ಇನ್ನೂ ಬಾಕಿ."
ಅವರು ನಗಲಿಲ್ಲ. ತೆಳ್ಳನೆಯ ಪುಸ್ತಕವೊಂದನ್ನು ತೆಗೆದರು,
ಸಾವಿರದ ಒಂಬೈನೂರ ಐವತ್ನಾಲ್ಕರ ಕಾಯಿದೆ.
ಹಿಂದಿನ ಪುಟದಲ್ಲಿ ರೋಗಗಳ ಪಟ್ಟಿ, ಅವೂ ಐವತ್ನಾಲ್ಕು.
ಇವನ್ನು ವಾಸಿಮಾಡುತ್ತೇನೆಂದು ಯಾರೂ ಸಾರಕೂಡದು.
ಕ್ಯಾನ್ಸರ್, ಕುರುಡು, ಸಕ್ಕರೆ ಕಾಯಿಲೆ,
ಹುಚ್ಚು, ಪ್ಲೇಗು, ಸಿಡುಬು...
ಬೆರಳು ಇಳಿಯುತ್ತ ಇಳಿಯುತ್ತ ನಿಂತಿತು:
ವ್ಯಕ್ತಿಯ ನಿಲುವು.

ಪ್ಲೇಗಿನ ಪಂಕ್ತಿಯಲ್ಲಿ ಎತ್ತರ!
ನಮ್ಮ ಮನೆಯಲ್ಲೂ ಅದಕ್ಕೆ ಅಲ್ಲೇ ಎಲೆ ಹಾಕಿದ್ದರು.

ಅಜ್ಜ ಹವಾಲ್ದಾರ್, ಅಪ್ಪ ಸುಬೇದಾರ್, ಇಬ್ಬರು ಮಾವಂದಿರು ಫಿರಂಗಿ ದಳ.
ಮಡಿಕೇರಿಯ ಮೈದಾನದಲ್ಲಿ, ಬೆಳಗಿನ ಮಂಜಿನಲ್ಲಿ ಬನಿಯನ್ ಬಿಚ್ಚಿ
ಸಾಲಿನಲ್ಲಿ ನಿಂತಿದ್ದೆ, ಹದಿನೇಳೂವರೆ.
ಕಂಬದ ಅಡ್ಡಪಟ್ಟಿ ತಲೆಗೆ ತಗಲಲಿಲ್ಲ.
ನನಗೂ ಅದಕ್ಕೂ ನಡುವೆ ಹೆಬ್ಬೆರಳು ಆಡುವಷ್ಟು ಗಾಳಿ.
ಮುಂದಿನವನು, ಅಂದರು, ಹಿಂದಿಯಲ್ಲಿ.

ಆಮೇಲೆ ಪತ್ರಿಕೆಯ ಮೂಲೆಯಲ್ಲೊಂದು ಅಂಗೈಯಗಲದ ಜಾಹೀರಾತು,
ಉತ್ತರದ ಯಾವುದೋ ಊರಿನ ಪೋಸ್ಟ್ ಬಾಕ್ಸು, ವಿ.ಪಿ.ಪಿ.
ಅವ್ವ ಹಂದಿಮರಿ ಮಾರಿದ ದುಡ್ಡು ಕೊಟ್ಟಳು, ಅಪ್ಪನಿಗೆ ಹೇಳಲಿಲ್ಲ.
ಮಣ್ಣಿನ ಬಣ್ಣದ ಪುಡಿ, ಮೆಂತ್ಯದ ವಾಸನೆ.
ರಾತ್ರಿ ಹಾಲಿನಲ್ಲಿ ಕದಡಿ ಕುಡಿದು
ಅಟ್ಟದ ತೊಲೆಗೆ ಜೋತುಬೀಳುತ್ತಿದ್ದೆ, ಅಂಗೈ ಬೊಬ್ಬೆ ಏಳುವವರೆಗೆ.
ದಾರಂದದ ಮೇಲೆ ಅವ್ವ ಪೆನ್ಸಿಲಿನಲ್ಲಿ ಗೀರು ಹಾಕುವಳು.
ಗೀರಿನ ಮೇಲೇ ಗೀರು ಬಿದ್ದು ಬಿದ್ದು
ಅಲ್ಲೊಂದು ಕಪ್ಪು ಗಾಯ.
ಒಮ್ಮೆ ಅವಳು ಬೇಕೆಂದೇ ಒಂದು ನೂಲು ಮೇಲೆ ಎಳೆದಳು.
ನನಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು.

"ಮುದ್ರಿಸಿದವರೂ ಬರುತ್ತೀರಿ ಐಯಣ್ಣನವರೇ,
ಪ್ರಕಟಣೆಯಲ್ಲಿ 'ಯಾವುದೇ ಪಾಲು' ಅನ್ನುತ್ತೆ ಕಾಯಿದೆ."
ಯಾವುದೇ ಪಾಲು.
ನಮ್ಮ ಕಡೆ ಹಂದಿ ಬಿದ್ದ ದಿನ
ಗುಂಡು ಹೊಡೆದವನಿಗೊಂದು, ಹೊತ್ತವನಿಗೊಂದು,
ಸುಮ್ಮನೆ ನಾಯಿ ಹಿಡಿದು ನಿಂತವನಿಗೂ ಒಂದು ಪಾಲು
ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರಂತೆ. ಬೇಡ ಅನ್ನುವಂತಿಲ್ಲ.

ಮೊನ್ನೆ ಸಂತೆಯ ದಿನ ಒಬ್ಬ ಹುಡುಗ ಬಂದಿದ್ದ, ಪೊನ್ನಂಪೇಟೆ ಕಡೆಯವನು.
ಸಾಲಾಗಿ ಒಪ್ಪಿಸಿದ: ಫ್ಲೆಕ್ಸು ಗಾಳಿಗೆ ಹರಿದಿದೆ,
ಫೋನ್ ನಂಬರಿನ ಕೊನೆಯ ಎರಡಂಕಿ ಇಲ್ಲ,
ನಿಮಗೆ ಗೊತ್ತಿರಬೇಕಲ್ಲ ಅಂಕಲ್?
ಕ್ಯಾನ್ವಾಸ್ ಶೂ ಒಳಗೆ ಏನನ್ನೋ ತುರುಕಿಕೊಂಡಿದ್ದ, ಹಿಮ್ಮಡಿ ಎತ್ತಲು.
ಗೊತ್ತಿತ್ತು. ಹೇಳಿದೆ.

ಮೇಡಂ ಪುಟ ತಿರುವಿದರು. "ಕೊನೆಯ ಪ್ರಶ್ನೆ.
ಈ ಪುಡಿಯಿಂದ ಏನೂ ಆಗುವುದಿಲ್ಲವೆಂದು ತಮಗೆ ತಿಳಿದಿತ್ತೇ?"
ಪಕ್ಕದಲ್ಲಿ ಕೋಳಿಯವನು ತಕ್ಕಡಿಗೆ ಇನ್ನೊಂದು ರೆಕ್ಕೆ ಎಸೆದ.
"ತಿಳಿದಿತ್ತು. ತೊಂಬತ್ತು ದಿನ ಕುಡಿದಿದ್ದೇನೆ."

ಪೆನ್ನು ನಿಂತಿತು. ಬಂದಾಗಿನಿಂದ ಮೊದಲ ಸಲ
ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.
ಬಹಳ ಹೊತ್ತು ಬೇಕಾಗಲಿಲ್ಲ.

"ಅದನ್ನೂ ಬರೆಯಲೇ?"
"ಬರೆಯಿರಿ ಮೇಡಂ.
ಆ ಹುಡುಗನಿಗೆ ನಂಬರು ಹೇಳಿದ್ದನ್ನೂ."